ಶೂಲಪ್ಪನ ಕಪ್ಪು ರಸ

ಮಕ್ಕಳೇ, ಕವಳೆ ಕಾಡಿನ ಕೊಳದ ದಡದಲ್ಲಿ ಶೂಲಪ್ಪನೆಂಬ ಮುಳ್ಳುಹಂದಿ ಇದ್ದ. ನೆಲನೆಲ್ಲಿ, ಅಮೃತಬಳ್ಳಿ, ಜೊತೆಗೆ ಹೆಸರೇ ಗೊತ್ತಿಲ್ಲದ ನಾಲ್ಕು ಸೊಪ್ಪು ಅರೆದು ಅವನೊಂದು ಕಪ್ಪು ರಸ ತೆಗೆದಿದ್ದ. ಯಕೃತ್ತಿಗೆ ಇದಕ್ಕಿಂತ ಒಳ್ಳೆಯದು ಲೋಕದಲ್ಲೇ ಇಲ್ಲವೆಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಕಾಡಿನವರ ಕಾಯಿಲೆ ಕಸಾಲೆ ನೋಡಿಕೊಳ್ಳುತ್ತಿದ್ದವಳು ನೀರುನಾಯಿ ತುಂಗವ್ವ. ಪರೀಕ್ಷೆ ಮಾಡದೆ ಯಾರಿಗೂ ಕುಡಿಸಬೇಡ ಎಂದು ಆಕೆ ತಾಕೀತು ಮಾಡಿದಳು.

ಶೂಲಪ್ಪ ಯೋಚಿಸಿದ. ಮಂಗಗಳಿಗೆ ಕೊಟ್ಟರೆ ಕಹಿಯೆಂದು ಮುಖಕ್ಕೇ ಉಗುಳುತ್ತವೆ. ಕಾಡುಹಂದಿ ತಿರುಗಿ ಪ್ರಶ್ನೆ ಕೇಳುತ್ತದೆ. ಎದುರು ಮಾತಾಡದವರು ಬೇಕು. ಕೊನೆಗೆ ಹನ್ನೆರಡು ಎರೆಹುಳಗಳನ್ನು ಆರಿಸಿ, ಏಳು ದಿನ ಅವುಗಳ ಮಣ್ಣಿಗೆ ರಸ ಸುರಿದ. ಎಂಟನೆಯ ದಿನ ಸಾಲಾಗಿ ಮಲಗಿಸಿ, ಯಕೃತ್ತಿನಲ್ಲಿ ಏನಾದರೂ ತೊಂದರೆಯಿದೆಯೇ ಎಂದು ಕೇಳಿದ. ಹನ್ನೆರಡೂ ಇಲ್ಲವೆಂದವು. ಹನ್ನೆರಡಕ್ಕೆ ಹನ್ನೆರಡೂ ಗುಣವೆಂದು ಶೂಲಪ್ಪ ಕಾಡೆಲ್ಲ ಸಾರಿಕೊಂಡು ಬಂದ.

ಸುದ್ದಿ ಕರಡಿ ಜಡೆಯಪ್ಪನ ಕಿವಿಗೂ ಬಿತ್ತು. ಕಾಮಾಲೆಯಿಂದ ಅವನ ಕಣ್ಣು ಹಳದಿಗಟ್ಟಿದ್ದವು. ತುಂಗವ್ವ ಹೇಳಿದ ಪಥ್ಯ, ವಿಶ್ರಾಂತಿ ಎರಡನ್ನೂ ಬಿಟ್ಟು, ಶೂಲಪ್ಪ ಕೊಟ್ಟ ಮೂರು ಸೋರೆಬುರುಡೆ ರಸವನ್ನು ಗಟಗಟ ಕುಡಿದುಬಿಟ್ಟ. ಸಂಜೆಯೊಳಗೆ ನಾಲಿಗೆಯೂ ಹಳದಿಯಾಯಿತು. ವಾಂತಿ ಮಾಡಿ ಮಾಡಿ ನೆಲ ಹಿಡಿದ. ಶೂಲಪ್ಪ ಮಾತ್ರ, ಪರೀಕ್ಷೆಯ ಪ್ರಕಾರ ಜಡೆಯಪ್ಪ ಆರೋಗ್ಯವಾಗಿಯೇ ಇದ್ದಾನೆ, ಅದು ಅವನಿಗೆ ಗೊತ್ತಾಗುತ್ತಿಲ್ಲ ಅಷ್ಟೇ ಎಂದು ವಾದಿಸಿದ.

ತುಂಗವ್ವ ಶೂಲಪ್ಪನನ್ನೂ ಎಳೆದುಕೊಂಡು ಎರೆಹುಳಗಳ ಬಳಿ ಹೋದಳು. "ನಿಮ್ಮ ಯಕೃತ್ತು ನಿಜಕ್ಕೂ ಚೆನ್ನಾಗಿದೆಯೇನ್ರಪ್ಪ?"

ಹಿರಿಯ ಎರೆಹುಳ ಸಂಕೋಚದಿಂದ ತಲೆಯೆತ್ತಿತು. ಬಾಲವೂ ಇರಬಹುದು, ಹೇಳುವುದು ಕಷ್ಟ.

"ಅದು ಯಾವ ಕಡೆಯ ಊರು, ತುಂಗವ್ವ? ಅಲ್ಲಿ ನಮಗೆ ಏನೂ ತೊಂದರೆ ಆಗಿಲ್ಲ. ನಾವು ಹೋಗೇ ಇಲ್ಲವಲ್ಲ."

ಎರೆಹುಳಕ್ಕೆ ಯಕೃತ್ತೇ ಇರುವುದಿಲ್ಲ, ಮಕ್ಕಳೇ. ಶೂಲಪ್ಪನ ಮುಳ್ಳೆಲ್ಲ ಮುದುಡಿಕೊಂಡವು. ಎದುರು ಮಾತಾಡುವುದಿಲ್ಲವೆಂದೇ ಇವರನ್ನು ಆರಿಸಿದೆ ಎಂದು ಒಪ್ಪಿಕೊಂಡ. ಉಳಿದ ರಸ ಚೆಲ್ಲಿ, ಜಡೆಯಪ್ಪನ ಪಕ್ಕ ಹೋಗಿ ಕೂತ. ತುಂಗವ್ವ ಹೇಳಿದಂತೆ ಇಪ್ಪತ್ತು ದಿನ ಎಲೆಯಲ್ಲಿ ನೀರು ತಂದು ಕುಡಿಸಿದ, ಹಣ್ಣು ಹಿಸುಕಿ ತಿನ್ನಿಸಿದ, ಹೆದರಿ ಹೆದರಿ ಅವನ ಕಣ್ಣು ನೋಡಿದ.

ಕಣ್ಣು ಬೆಳ್ಳಗಾದ ದಿನ ಜಡೆಯಪ್ಪ ಮೆಲ್ಲಗೆ ಹೇಳಿದ: "ಹೇಗಿದ್ದೀಯ ಅಂತ ದಿನಕ್ಕೆ ನಾಲ್ಕು ಸಲ ಕೇಳಿದೆಯಲ್ಲ, ಶೂಲಪ್ಪ. ರಸ ಕೊಡುವ ಮೊದಲು ಒಂದು ಸಲ ಕೇಳಿದ್ದರೆ ಸಾಕಿತ್ತು."

ನೀತಿ: ನಮಗೆ ಬೇಕಾದ ಉತ್ತರ ಕೊಡುವವರನ್ನೇ ಹುಡುಕಿ ಕೇಳಿದರೆ ಅದು ಪರೀಕ್ಷೆಯಾಗುವುದಿಲ್ಲ.