ಗೊದ್ದ ಸಾಕಿದ ಕಂಟೆವ್ವ

ಒಂದು ಕಾಡಿನಲ್ಲಿ ಎಲ್ಲರಿಗೂ ಒಂದೊಂದು ಹುಚ್ಚಿತ್ತು. ಮಂಗಗಳಿಗೆ ಕೊಂಬೆ ಅಲ್ಲಾಡಿಸುವ ಹುಚ್ಚು, ನವಿಲಿಗೆ ಕೆರೆಯ ನೀರಿನಲ್ಲಿ ಮುಖ ನೋಡಿಕೊಳ್ಳುವ ಹುಚ್ಚು. ಕಂಟೆವ್ವ ಎಂಬ ಮುಳ್ಳುಹಂದಿಗೆ ಗೊದ್ದ ಸಾಕುವ ಹುಚ್ಚು. ಗೊದ್ದ ಗೊತ್ತಲ್ಲ? ಮರದೊಳಗೆ ಕೋಣೆ ಕೊರೆದುಕೊಂಡು ಸಂಸಾರ ಮಾಡುವ ದಪ್ಪ ಕರಿ ಇರುವೆ. ಅದು ಮರ ತಿನ್ನುವುದಿಲ್ಲ. ಕೊರೆದ ಹೊಟ್ಟನ್ನೆಲ್ಲ ಬಾಯಲ್ಲಿ ಕಚ್ಚಿ ತಂದು ಬಾಗಿಲಾಚೆ ಸುರಿಯುತ್ತದೆ.

ಈ ಹುಚ್ಚು ಹತ್ತಿದ್ದು ಒಂದು ಮುಂಗಾರಿನ ಮೊದಲ ಮಳೆ ನಿಂತ ಸಂಜೆ. ಕಂಟೆವ್ವ ಒಣ ದಿಮ್ಮಿಯೊಂದನ್ನು ಕಡಿಯಲು ಬಾಯಿ ಹಾಕಿದ್ದಳು. ದಿಮ್ಮಿಯ ಬಿರುಕಿನಲ್ಲಿ ಒಂದು ರಾಣಿ ಗೊದ್ದ ಕುಳಿತಿತ್ತು. ಆಗತಾನೆ ತನ್ನ ರೆಕ್ಕೆಗಳನ್ನು ತಾನೇ ಕಿತ್ತು ಹಾಕಿತ್ತು. ಬಿರುಕಿನ ಬಾಯಿ ಮುಚ್ಚಿಕೊಂಡು, ಕೂಳು ಬಿಟ್ಟು, ಮೈಯ ಕಸುವನ್ನೇ ಬಸಿದು ಮೊದಲ ಮಕ್ಕಳನ್ನು ಸಾಕುವುದು ಅದರ ವ್ರತ. ಕಂಟೆವ್ವನಿಗೆ ಕರುಳು ಚುರ್ ಎಂದಿತು. ಕಡಿಯುವುದನ್ನು ಬಿಟ್ಟು ಆ ದಿಮ್ಮಿಯನ್ನು ತನ್ನ ಬಿಲದ ಮುಂದಕ್ಕೆ ಉರುಳಿಸಿಕೊಂಡು ಬಂದಳು. ಮುಂದಿನ ಎರಡು ಮಳೆಗಾಲಗಳಲ್ಲಿ ಇನ್ನೆರಡು ರಾಣಿಯರನ್ನು ಹುಡುಕಿ ತಂದು ಬೇರೆ ಬೇರೆ ದಿಮ್ಮಿಗಳಲ್ಲಿ ಇಟ್ಟಳು. ಹೀಗೆ ಅವಳ ಅಂಗಳದಲ್ಲಿ ಮೂರು ದಿಮ್ಮಿ, ಮೂರು ರಾಜ್ಯ.

ಗೊದ್ದ ಸಾಕುವುದೆಂದರೆ ಬಾಯಿಮಾತಲ್ಲ. ಸಂಜೆ ಅತ್ತಿಹಣ್ಣಿನ ಚೂರು ಇಡಬೇಕು, ಒಂದು ಹನಿ ಜೇನು ಇಡಬೇಕು. ಒಂದು ದಿಮ್ಮಿಯವು ಇನ್ನೊಂದರ ಮೇಲೆ ದಂಡೆತ್ತಿ ಹೋಗದಂತೆ ನಡುವಿನ ಕಲ್ಲುಗಳಿಗೆ ಹಲಸಿನ ಅಂಟು ಬಳಿಯಬೇಕು. ಎಲ್ಲಕ್ಕಿಂತ ದೊಡ್ಡ ನೇಮವೆಂದರೆ ದಿಮ್ಮಿ ತೆರೆದು ನೋಡಬಾರದು. ಬೆಳಕು ಬಿದ್ದರೆ ರಾಣಿ ಹೆದರಿ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಮೊದಲ ವರ್ಷ ಕಂಟೆವ್ವ ಆಸೆ ತಡೆಯದೆ ಇಣುಕಿ ಆ ಪೆಟ್ಟು ತಿಂದಿದ್ದಳು. ಆಮೇಲೆ ಬರೀ ಹೊಟ್ಟಿನ ಗುಡ್ಡೆ ನೋಡಿ, ಒಮ್ಮೊಮ್ಮೆ ಮುಳ್ಳಿನ ತುದಿಯಿಂದ ದಿಮ್ಮಿಯನ್ನು ತಟ್ಟಿ ಸಮಾಧಾನಪಡುತ್ತಿದ್ದಳು. ತಟ್ಟಿದರೆ ಒಳಗಿನ ಗೊದ್ದಗಳೂ ಮರವನ್ನು ಕುಟ್ಟಿ ಉತ್ತರ ಕೊಡುತ್ತಿದ್ದವು. ಆ ಪಟಪಟ ಸದ್ದು ಕೇಳಿದ ದಿನ ಅವಳಿಗೆ ಹಬ್ಬ.

ಇಷ್ಟು ಜೋಪಾನ ಮಾಡುವವಳಿಗೆ ಅನುಮಾನ ಇರದೆ ಇರುತ್ತದೆಯೇ? ಕಂಟೆವ್ವ ಗಾಳಿ ಬೀಸಿದರೂ ಯಾರು ಊದಿದವರು ಎಂದು ಕೇಳುವ ಪೈಕಿ. ಮೊಲ ಬಂದರೆ ಅಂಟು ತುಳಿಯಲು ಬಂತು ಎನ್ನುವಳು. ಕಾಡುಕೋಳಿ ಬಂದರೆ ಕೆದರಲು ಬಂತು ಎಂದು ಮುಳ್ಳು ನಿಮಿರಿಸುವಳು. ಎಲ್ಲರಿಗಿಂತ ಹೆಚ್ಚಿನ ಅನುಮಾನ ಹೊಳೆದಂಡೆಯ ಸುರುಳೆಪ್ಪನ ಮೇಲೆ. ಸುರುಳೆಪ್ಪ ಚಿಪ್ಪುಹಂದಿ. ಇರುವೆ, ಗೆದ್ದಲು ತಿಂದೇ ಬದುಕುವವನು. ಮೊಳದುದ್ದ ನಾಲಿಗೆ ಇಟ್ಟುಕೊಂಡು ಅವನು ಬಿಲದ ಮುಂದಿನ ದಾರಿಯಲ್ಲಿ ಓಡಾಡಿದರೆ ಕಂಟೆವ್ವನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಗ್ಗೆ ನೋಡುತ್ತಾಳೆ, ಕಡೆಯಲ್ಲಿ ತಂದ ದಿಮ್ಮಿಯ ಮುಂದೆ ಇಟ್ಟ ಅತ್ತಿಹಣ್ಣು ಇಟ್ಟ ಹಾಗೇ ಇದೆ. ಮುಳ್ಳಿನಿಂದ ತಟ್ಟಿದಳು. ಸದ್ದಿಲ್ಲ. ಎದೆ ಗಟ್ಟಿ ಮಾಡಿಕೊಂಡು ದಿಮ್ಮಿ ಸೀಳಿದಳು. ಕೋಣೆಗಳಿದ್ದವು, ಒಂದೇ ಒಂದು ಗೊದ್ದ ಇರಲಿಲ್ಲ. ದಾರಿಯ ಮಣ್ಣಿನಲ್ಲಿ ಸುರುಳೆಪ್ಪನ ಉಗುರಿನ ಗುರುತು ಇತ್ತು. ಮತ್ತೇನು ಬೇಕು? ಕಂಟೆವ್ವ ಕಾಡೆಲ್ಲ ಕೂಡಿಸಿ ಅವನನ್ನು ಕಳ್ಳ ಎಂದಳು.

ಸುರುಳೆಪ್ಪ ಮುಂದೆ ಬಂದ. “ಇರುವಿ ತಿನ್ನಾಂವ ಹೌದು, ಇಲ್ಲ ಅನ್ನಂಗಿಲ್ಲ. ಆದ್ರ ನಿನ್ನವ ನಾ ತಿಂದಿಲ್ಲ, ಯಕ್ಕಾ” ಎಂದ. ಎಲ್ಲರೂ ನಕ್ಕರು. ಬೆಕ್ಕು ಹಾಲು ಕುಡಿದಿಲ್ಲ ಎಂದರೆ ಯಾರು ನಂಬುತ್ತಾರೆ? ಅವನು ಹೊಳೆದಂಡೆಯ ದಾರಿ ಹಿಡಿದ.

ಅದೇ ಸಂಜೆ ಜುಟ್ಟಪ್ಪ ಎಂಬ ಮರಕುಟಿಗ ಬಂದ. ಕೆಂಪು ಜುಟ್ಟು, ನಯವಾದ ಮಾತು, ಮರಗಳಿಗೆ ವೈದ್ಯ ಮಾಡುತ್ತೇನೆಂದು ಹೇಳಿಕೊಳ್ಳುವವನು. ಸುರುಳೆಪ್ಪನ ವಾಸನೆಗೆ ಉಳಿದ ಗೊದ್ದಗಳು ಬೆದರಿವೆ ಎಂದ. ನಡುವಿನ ದಿಮ್ಮಿಗೆ ಕಿವಿಯಿಟ್ಟು ಕೇಳಿ, ನಡುಕದ ರೋಗ ಹತ್ತಿದೆ ಎಂದ. ಕಂಟೆವ್ವ ಅವನನ್ನೂ ಅನುಮಾನದಿಂದಲೇ ನೋಡಿದಳು. ನೀನು ಇರುವೆ ತಿನ್ನುವುದಿಲ್ಲವೋ ಎಂದು ನೇರವಾಗಿ ಕೇಳಿದಳು.

ಜುಟ್ಟಪ್ಪ ಕಣ್ಣು ಮುಚ್ಚಿ ರೆಕ್ಕೆಯನ್ನು ಎದೆಗೆ ಒತ್ತಿಕೊಂಡ. “ಶಿವ ಶಿವಾ, ಇರುವಿ ಕಂಡ್ರ ನನಗ ಓಕರಿಕಿ ಬರ್ತೈತ್ರಿ ಕಂಟೆವ್ವಾರ. ನಮ್ಮವ್ವನ ಆಣಿ, ಹಣ್ಣು ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ” ಎಂದ.

ಆಣೆ ಕೇಳಿ ಕಂಟೆವ್ವನ ಮುಳ್ಳು ಮೆತ್ತಗಾಯಿತು. ಜುಟ್ಟಪ್ಪ ಪಥ್ಯ ಹೇಳಿದ. ದಿಮ್ಮಿ ತೆರೆಯಬಾರದು, ತಟ್ಟಬಾರದು, ತಾನು ಮದ್ದು ಹಾಕುವಾಗ ಇಪ್ಪತ್ತು ಹೆಜ್ಜೆ ದೂರ ಇರಬೇಕು, ಹಣ್ಣು ಜೇನು ಇಡಬಾರದು, ಉಪವಾಸವೇ ಔಷಧ. ದೂರದಿಂದ ಹೊಟ್ಟಿನ ಗುಡ್ಡೆ ನೋಡಿಕೊಂಡರೆ ಸಾಕು, ಗುಡ್ಡೆ ಬೆಳೆದರೆ ಗುಣವಾಗುತ್ತಿದೆ ಎಂದು ತಿಳಿಯಿರಿ ಎಂದ. ಗೊದ್ದಗಳನ್ನು ಕೆಣಕಬಾರದು ಎಂಬುದು ಕಂಟೆವ್ವನದೇ ನೇಮ. ತನ್ನ ನೇಮವನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಯಾರಿಗಾದರೂ ಖುಷಿಯಾಗುತ್ತದೆ. ಅವಳು ಒಪ್ಪಿದಳು.

ಮೂರು ದಿನಕ್ಕೊಮ್ಮೆ ಜುಟ್ಟಪ್ಪ ಬಂದು ಮದ್ದು ಹಾಕಿದ. ಪ್ರತಿ ಸಲವೂ ಹೊಟ್ಟಿನ ಗುಡ್ಡೆ ಬೆಳೆಯಿತು. ಕಂಟೆವ್ವ ಇಪ್ಪತ್ತು ಹೆಜ್ಜೆ ದೂರದಿಂದ ನೋಡಿ ಹಿಗ್ಗಿದಳು. ಹೊಳೆಯ ದಾರಿಗೆ ಮುಳ್ಳು ಚೆಲ್ಲಿ ಸುರುಳೆಪ್ಪ ಬರದಂತೆ ಕಾವಲು ಕುಳಿತಳು. ಕಾವಲು ಒಂದು ಕಡೆ, ಕಳವು ಇನ್ನೊಂದು ಕಡೆ ಎಂದು ಪಾಪ, ಅವಳಿಗೆ ಏನು ಗೊತ್ತು.

ಒಂದು ದಿನ ಜುಟ್ಟಪ್ಪ ಹಾರಿಹೋದ ಮೇಲೆ ಸುರುಳೆಪ್ಪ ಬಂದ. ಚೆಲ್ಲಿದ ಮುಳ್ಳುಗಳನ್ನು ಬಾಲದಿಂದ ಬದಿಗೆ ಸರಿಸುತ್ತ ಮೆಲ್ಲಗೆ ಬಂದ. ಕಂಟೆವ್ವ ಮೈಯೆಲ್ಲ ಮುಳ್ಳಾಗಿ ನಿಂತಳು. ಅವನು ಅಲ್ಲೇ ನಿಂತು, ಆ ಗುಡ್ಡೆಯನ್ನು ಹತ್ತಿರ ಹೋಗಿ ಒಮ್ಮೆ ನೋಡು ಎಂದ.

“ನನಗ ಹೇಳಿಕೊಡಾಕ ಬಂದಿಯೇನು?” ಎಂದಳು ಕಂಟೆವ್ವ.

“ಹುಟ್ಟಿದಾಗಿಂದ ಇರುವಿ ಮನಿ ಬಾಗಿಲಾಗ ಕುಂತಾಂವ ನಾ. ಗೊದ್ದ ತಗದ ಹೊಟ್ಟು ರವಾದಂಗ ಸಣ್ಣಂದು ಇರ್ತೈತಿ. ಇದು ಚಕ್ಕಿ. ಮತ್ತ ಅವು ಹೊಟ್ಟಿನ ಜೋಡಿ ಮನಿ ಕಸಾನೂ ಒಗಿತಾವ, ಹುಳದ ಕಾಲು, ಸತ್ತ ತಂಗಿದೇರು, ಎಲ್ಲಾ. ಇಷ್ಟು ಸ್ವಚ್ಛ ಕಸ ಎಲ್ಲ್ಯರ ನೋಡಿಯೇನು, ಯಕ್ಕಾ?”

ಅಷ್ಟು ಹೇಳಿ ಅವನು ಬಂದ ದಾರಿ ಹಿಡಿದು ಹೋದ. ಕಂಟೆವ್ವನಿಗೆ ಅವನ ಮೇಲಿನ ಅನುಮಾನ ಕಡಿಮೆಯಾಗಲಿಲ್ಲ. ವೈದ್ಯನ ಮೇಲೆ ಚಾಡಿ ಹೇಳಿ ದಿಮ್ಮಿ ತೆರೆಸುವ ಹುನ್ನಾರ ಇರಬೇಕು ಎಂದುಕೊಂಡಳು. ಆದರೆ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಕೂತುಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಗುಡ್ಡೆಯ ಹತ್ತಿರ ಹೋದಳು. ಒಂದು ಚಕ್ಕೆ ಎತ್ತಿ ಹಲ್ಲಿನಿಂದ ಒತ್ತಿ ನೋಡಿದಳು. ಜೀವಮಾನವಿಡೀ ಮರ ಕಡಿದವಳು ಅವಳು, ಮರದ ಮೇಲಿನ ಗಾಯ ಅವಳಿಗೆ ಗೊತ್ತು. ಇದು ಕಚ್ಚಿ ತೆಗೆದದ್ದಲ್ಲ, ಕುಕ್ಕಿ ತೆಗೆದದ್ದು. ಮೊದಲು ಬರಿದಾದ ದಿಮ್ಮಿಯ ಮುಂದೆಯೂ ಇಂಥವೇ ಚಕ್ಕೆ ಬಿದ್ದಿದ್ದು ಈಗ ನೆನಪಾಯಿತು.

ಪಥ್ಯ ಮರೆತು ದಿಮ್ಮಿಯನ್ನು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಒಳಗೆ ಮರ ಬಿಟ್ಟು ಬೇರೆ ಯಾರೂ ಇಲ್ಲ. ಎರಡು ಮಳೆಗಾಲದ ಸಂಸಾರವನ್ನು ಅವಳೇ ಇಪ್ಪತ್ತು ಹೆಜ್ಜೆ ದೂರ ಕುಳಿತು ಕಾಯ್ದು ಜುಟ್ಟಪ್ಪನಿಗೆ ತಿನ್ನಿಸಿದ್ದಳು. ಸಂಕಟಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಉಳಿದದ್ದು ಮೊದಲ ದಿಮ್ಮಿ, ಮೊದಲ ರಾಣಿ. ಅದಕ್ಕೂ ನಡುಕ ಶುರುವಾಗಿದೆ, ನಾಡಿದ್ದಿನಿಂದ ಮದ್ದು ಹಾಕುತ್ತೇನೆ ಎಂದು ಜುಟ್ಟಪ್ಪ ಹೇಳಿ ಹೋಗಿದ್ದ.

ಕಂಟೆವ್ವ ಹೊಳೆದಂಡೆಗೆ ಹೋದಳು. ಸುರುಳೆಪ್ಪನ ಮುಂದೆ ನಿಂತಳು. ಕ್ಷಮೆ ಕೇಳಲಿಲ್ಲ, ಕೆಲಸ ಹೇಳಿದಳು. ಅವನ ಉಗುರು ಬೇಕಿತ್ತು.

ಮರುದಿನ ಬೆಳಗ್ಗೆ ಇಬ್ಬರೂ ಸೇರಿ ಮೊದಲ ದಿಮ್ಮಿಯ ಬಾಗಿಲಿಗೆ ಒಂದು ಹೊಸ ಟೊಳ್ಳು ದಿಮ್ಮಿಯನ್ನು ಬಾಯಿಗೆ ಬಾಯಿ ಕೊಟ್ಟು ಇಟ್ಟರು. ಆಮೇಲೆ ಸುರುಳೆಪ್ಪ ಹಳೆಯ ದಿಮ್ಮಿಯ ಹಿಂಬದಿಯ ತೊಗಟೆಯನ್ನು ಉಗುರಿನಿಂದ ಸೀಳಿದ. ಒಳಗೆ ಬೆಳಕು ನುಗ್ಗಿತು. ಗೊದ್ದಗಳಿಗೆ ಬೆಳಕಾಗದು, ಕತ್ತಲೆ ಹುಡುಕಿ ಹೋಗುತ್ತವೆ. ಇದು ಸಾಕುವವರಿಗೆ ಗೊತ್ತಿರುವ ಉಪಾಯ. ಆದರೆ ರಾಣಿ ಹೆದರಿ ಮೊಟ್ಟೆ ತಿಂದರೆ? ಕಂಟೆವ್ವ ಸೀಳಿಗೆ ಕಣ್ಣಿಟ್ಟು ನೋಡಿದಳು.

ಬಿಸಿಲು ಏರುತ್ತಿದ್ದಂತೆ ಸಾಲು ಹೊರಟಿತು. ಒಂದೊಂದು ಗೊದ್ದವೂ ಬಾಯಲ್ಲಿ ಒಂದು ಮೊಟ್ಟೆಯನ್ನೋ ಮರಿಯನ್ನೋ ಕಚ್ಚಿಕೊಂಡು ಹೊಸ ಮನೆಗೆ ನಡೆಯಿತು. ಸುರುಳೆಪ್ಪನ ಮೂಗಿನಿಂದ ಒಂದು ಗೇಣು ದೂರದಲ್ಲೇ ಸಾವಿರ ಗೊದ್ದ ಹಾದುಹೋದವು. ಒಮ್ಮೆ ಅವನ ನಾಲಿಗೆಯ ತುದಿ ಹೊರಗೆ ಬಂತು. ಕಂಟೆವ್ವನ ಮುಳ್ಳು ಝಲ್ ಎಂದು ಎದ್ದವು. ಅವನು ನಾಲಿಗೆ ಒಳಗೆಳೆದುಕೊಂಡು ಆಕಾಶ ನೋಡುತ್ತ ಕುಳಿತ. ಆಮೇಲೆ ರಾಣಿ ಬಂತು. ದಪ್ಪ ಹೊಟ್ಟೆ ಎಳೆದುಕೊಂಡು, ಮಕ್ಕಳ ನಡುವೆ, ನಿಧಾನವಾಗಿ. ಬಿರುಕು ಮುಚ್ಚಿಕೊಂಡ ಆ ಸಂಜೆಯ ನಂತರ ಕಂಟೆವ್ವ ಅದನ್ನು ಪೂರ್ತಿಯಾಗಿ ನೋಡಿದ್ದು ಇದೇ ಮೊದಲು. ಅವಳ ಕಣ್ಣು ತುಂಬಿತು.

ಹೊಸ ದಿಮ್ಮಿಯನ್ನು ಪೊದೆಯ ಹಿಂದೆ ಬಚ್ಚಿಟ್ಟರು. ಹಳೆಯ ದಿಮ್ಮಿಯ ಒಳಗಿನ ಕೋಣೆಗಳಿಗೆ ಹಲಸಿನ ಅಂಟನ್ನು ದಪ್ಪಗೆ ಬಳಿದು, ಸೀಳು ಮುಚ್ಚಿ, ಮೊದಲಿದ್ದ ಜಾಗದಲ್ಲೇ ಇಟ್ಟರು.

ಮಾರನೆಯ ಬೆಳಗ್ಗೆ ಜುಟ್ಟಪ್ಪ ಬಂದ. ಮೊಲ, ಕಾಡುಕೋಳಿ, ಉಡ, ಎಲ್ಲರೂ ಕಂಟೆವ್ವನ ಮಾತಿನಂತೆ ಪೊದೆಯ ಹಿಂದೆ ಕೂತಿದ್ದರು. ಕಂಟೆವ್ವ ತಲೆ ತಗ್ಗಿಸಿ ಕೇಳಿದಳು: “ನನ್ನ ಗೊದ್ದ ಒಳಗ ಅದಾವೇನ್ರಿ, ವೈದ್ಯರ?”

ಜುಟ್ಟಪ್ಪ ಬರಿದಾದ ದಿಮ್ಮಿಯನ್ನು ಮೂರು ಸಲ ಕುಟ್ಟಿ, ಕಿವಿಯಿಟ್ಟು, ಬಹಳ ಹೊತ್ತು ಕೇಳಿದ. “ಸಾವಿರಗಟ್ಟಲೆ ಅದಾವ್ರಿ. ಪಾಪ, ನಡುಗಾಕ ಹತ್ಯಾವ. ನೀವು ದೂರ ಹೋಗ್ರಿ” ಎಂದ. ಪೊದೆಯ ಹಿಂದೆ ಉಡ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿತು.

ಕಂಟೆವ್ವ ಒಂದೊಂದಾಗಿ ಇಪ್ಪತ್ತು ಹೆಜ್ಜೆ ಇಟ್ಟು ದೂರ ಹೋದಳು. ಜುಟ್ಟಪ್ಪ ಅತ್ತಿತ್ತ ನೋಡಿ ತನ್ನ ಉದ್ದ ನಾಲಿಗೆಯನ್ನು ಬಾಗಿಲೊಳಗೆ ತೂರಿಸಿದ. ಒಂದು ಕೋಣೆ ತಡಕಿದ, ಏನೂ ಸಿಗಲಿಲ್ಲ. ಇನ್ನೂ ಒಳಗೆ ಚಾಚಿದ. ಆಸೆ ಇದ್ದಷ್ಟೂ ಚಾಚಿದ. ಹಿಂದಕ್ಕೆ ಎಳೆದರೆ ಬರಲಿಲ್ಲ. ರೆಕ್ಕೆ ಬಡಿದ, ಕಾಲು ಕೊಟ್ಟು ಜಗ್ಗಿದ. ಹಲಸಿನ ಅಂಟು ಹಿಡಿದರೆ ಬಿಡುತ್ತದೆಯೇ?

ಎಲ್ಲರೂ ಸುತ್ತ ಬಂದು ನಿಂತರು. ಯಾವ ಮದ್ದು ಹಾಕುತ್ತಿದ್ದೀರಿ ಎಂದು ಕಂಟೆವ್ವ ಕೇಳಿದಳು. ಅವ್ವನ ಆಣೆ ಇಟ್ಟಿದ್ದ ನಾಲಿಗೆ ದಿಮ್ಮಿಯೊಳಗಿತ್ತು, ಉತ್ತರ ಬರಲಿಲ್ಲ. ಸೂರ್ಯ ನೆತ್ತಿಗೆ ಬರುವವರೆಗೆ ಅವನನ್ನು ಹಾಗೇ ಬಿಟ್ಟರು. ಆಮೇಲೆ ಸುರುಳೆಪ್ಪನೇ ಕನಿಕರಪಟ್ಟು ದಿಮ್ಮಿ ಸೀಳಿ ಬಿಡಿಸಿದ. ನಾಲಿಗೆ ಉಳಿಯಿತು, ಮಾನ ಉಳಿಯಲಿಲ್ಲ. ಜುಟ್ಟಪ್ಪ ಆ ಕಾಡು ಬಿಟ್ಟು ಹೋದ. ಹೋದಲ್ಲೆಲ್ಲ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು.

ಸಂಜೆ ಕಂಟೆವ್ವ ಹೊಸ ದಿಮ್ಮಿಯ ಮುಂದೆ ಕುಳಿತಳು. ತಟ್ಟಲು ಅವಳಿಗೆ ಧೈರ್ಯ ಬರಲಿಲ್ಲ. ಸುರುಳೆಪ್ಪ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. “ನಿನಗ ಕಳ್ಳ ಅಂದೆ. ತಪ್ಪಾತು. ನಿನ್ನ ಮಾತು ಅವತ್ತ ಕೇಳಿದ್ರ ಎರಡನೇದಾದ್ರೂ ಉಳೀತಿತ್ತು” ಎಂದಳು. ಅವನು ತಟ್ಟು ಎಂಬಂತೆ ತಲೆಯಾಡಿಸಿದ.

ಅವಳು ಮುಳ್ಳಿನ ತುದಿಯಿಂದ ಮೆಲ್ಲಗೆ ಒಂದು ಸಲ ತಟ್ಟಿದಳು. ಒಂದು ಗಳಿಗೆ ಕಳೆಯಿತು. ಆಮೇಲೆ ಒಳಗಿನಿಂದ ಪಟಪಟ ಎಂದು ಸದ್ದು ಬಂತು. ಕಂಟೆವ್ವ ಅಳುತ್ತಲೇ ನಕ್ಕು, ನೀನೂ ಬಂದು ಕೇಳು ಎಂದು ಸುರುಳೆಪ್ಪನನ್ನು ಹತ್ತಿರ ಕರೆದಳು. ಅವನು ಬಂದು ದಿಮ್ಮಿಗೆ ಕಿವಿಯಿಟ್ಟ. ಅವನ ಮೂತಿಯ ಮುಂದೆ ಅವಳು ಒಂದು ಮುಳ್ಳನ್ನು ಮಾತ್ರ ಅಡ್ಡ ಹಿಡಿದಿದ್ದಳು. ಅವನು ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ.

ನೀತಿ: ಯಾರ ಬಾಯಿಗೆ ಏನು ರುಚಿ ಎಂದು ನೋಡಿ ಕಳ್ಳ ಎನ್ನಬೇಡ, ಯಾರು ಬಂದು ಹೋದ ಮೇಲೆ ಮನೆ ಬರಿದಾಯಿತು ಎಂದು ನೋಡು.