ಕಾರ್ಪೆಂಟರ್ ಬಂಡೆ

ಸೂಲದಹಳ್ಳಿ ದಾಟಿ ಹಳೇ ರಸ್ತೇಲಿ ಬಂದ್ರೆ ಎಡಗಡೆ ಒಂದು ಚಪ್ಪಟೆ ಬಂಡೆ ಸಿಗ್ತದೆ, ಮೇಲೆ ಗಾಡಿ ಗಾಲಿಯಷ್ಟು ಅಗಲದ ಕರೀ ಉಂಗುರ. ಅದೇ ಕಾರ್ಪೆಂಟರ್ ಬಂಡೆ. ಪ್ಯಾಟೆಯೋರು ಯಾರೋ ಬಿಳಿಯನ ಹೆಸರು ಅಂದ್ಕೋತಾರೆ. ಅಲ್ಲ. ಈ ಕತೆ ಸರಿಯಾಗಿ ಗೊತ್ತಿರೋನು ಈ ಸೀಮೇಲಿ ನಾನೊಬ್ನೇ, ಯಾಕಂದ್ರೆ ಆ ಹೆಸರು ತಪ್ಪಿಹೋಗಿದ್ದು ನಮ್ಮನೆಗೆ.

ಹಿಂದೊಂದು ಕಾಲದಲ್ಲಿ, ರಸ್ತೆ ಹಾಕ್ಸೋಕೆ ಬಂದ ದೊರೆ ಇಲ್ಲೊಂದು ಬಂಗಲೆ ಕಟ್ಸಿದ್ನಂತೆ. ಅದಕ್ಕೆ ಬಾಗ್ಲು ಮಾಡಿದೋನು ನಮ್ಮ ಮುತ್ತಾತ ಕಾಳಾಚಾರಿ. ಅವನು ಹಲಗೆ ಕೂಡ್ಸಿದ್ರೆ ಎಲ್ಲಿ ಕೂಡ್ತು ಅಂತ ಕಣ್ಣಿಗೆ ಕಾಣ್ತಿರಲಿಲ್ಲ. ದೊರೆ ಬಾಗ್ಲು ಸವರಿ ‘ಕಾರ್ಪೆಂಟರ್’ ಅಂದ. ಮುತ್ತಾತ ಆ ಮಾತನ್ನ ಪೇಟದ ಥರ ಹೊತ್ಕೊಂಡು ಊರೆಲ್ಲ ತಿರುಗಿದ. ಆಮೇಲೆ ದೊರೆಯ ಗಾಡಿ ಗಾಲಿ ಮುರೀತು. ನಮ್ಮ ದಾಯಾದಿ ಮಾಯಾಚಾರಿ, ಬರೀ ಗಾಡಿ ಕೆಲ್ಸದೋನು, ಹೊಸ ಗಾಲಿ ಮಾಡ್ಕೊಟ್ಟ. ದೊರೆ ಅವನನ್ನೂ ಹಂಗೇ ಕರೆದ. ಸಾಲದು ಅಂತ ದುಬಾಷಿ ಕೈಲಿ ಹೇಳ್ಸಿದ್ನಂತೆ, ಹಳೇ ರೋಮ್ ಸೀಮೇಲಿ ಗಾಡಿಗೆ ಕಾರ್ಪೆಂಟಂ ಅಂತಿದ್ರು, ಅದನ್ನ ಮಾಡೋನಿಗೇ ಈ ಹೆಸರು ಮೊದ್ಲು ಹುಟ್ಟಿದ್ದು, ಬಾಗ್ಲು ಮಾಡೋರಿಗೆ ಬಂದಿದ್ದು ಆಮೇಲೆ ಅಂತ.

ಮುತ್ತಾತಂಗೆ ಮಾಯಾಚಾರಿ ಮನೆ ಮುಂದೆ ಗಾಡಿ ನಿಂತ್ರೆ ಸಾಕು, ಹೊಟ್ಟೆ ಉರಿಯೋದು. ಕೊನೆಗೆ ತಾನೇ ಒಂದು ಗಾಲಿ ಮಾಡಿ ಬಂಡೆ ಮೇಲಿಟ್ಟು ಊರೋರನ್ನ ಕರೆದ. ಇದು ಓಡಿದ್ರೆ ಹೆಸರು ನಂದು, ಓಡ್ದಿದ್ರೆ ಮತ್ತೆ ಆ ಹೆಸರು ಎತ್ತಲ್ಲ ಅಂದ. ಮಾಯಾಚಾರಿ ಗಾಲಿ ಸುತ್ತ ಬಂದು ನೋಡಿದ.

“ಅಣ್ಣ, ಸುತ್ತಿನ ಮರದ ತುಂಡುಗಳ ನಡುವೆ ಒಂಚೂರು ಸಂದಿ ಬಿಡು. ಮೇಲೆ ತೊಡ್ಸೋ ಹಳಿ ತಣ್ಣಗಾದಾಗ ಬಿಗಿಯೋಕೆ ಜಾಗ ಬೇಡ್ವಾ?”

“ಸಂದಿ ಬಿಡೋರು ಕೆಲ್ಸ ಬರದೋರು ಕಣೋ.”

ಕೆಂಪಗೆ ಕಾದ ಕಬ್ಬಿಣದ ಹಳಿ ತೊಡ್ಸಿ ನೀರು ಹುಯ್ದ್ರು. ಬಂಡೆ ಮೇಲಿನ ಉಂಗುರ ಆ ಕಾವಿಂದೇ ಅಂತಾರೆ. ಹಳಿ ಕುಗ್ತು. ಸುತ್ತಿನ ಮರ ಒಂದಕ್ಕೊಂದು ಒತ್ಕೊಂಡು ಕಲ್ಲಾಯ್ತು, ಸುತ್ತಿಂದ ನಡುವಿಗೆ ಹೋಗೋ ಅರೆ ಕಡ್ಡಿಗಳಿಗೆ ಬಿಗಿ ಮುಟ್ಲೇ ಇಲ್ಲ. ಗಾಡಿಗೆ ಹಾಕಿ ಎತ್ತು ಹೊಡೆದ್ರೆ ಅರೆ ಲೊಡಲೊಡ ಅಂದು, ಊರೆಲ್ಲ ನೋಡ್ತಿದ್ದಂಗೇ ನಡುವಿನ ಗುಂಬ ಕಳಚಿ ಬಿತ್ತು.

ಕಾರ್ಪೆಂಟರ್ ಅನ್ನೋ ಹೆಸರು ಮಾಯಾಚಾರಿಗೇ ಹೋಯ್ತು, ಬಂಡೆಗೂ ಅದೇ ನಿಂತ್ಕೊಂತು. ಅವನ ವಂಶದೋರು ಈಗ್ಲೂ ಬೀಗ್ತಾರೆ, ಬೀಗ್ಲಿ. ಮುತ್ತಾತ ಆ ಗಾಲೀನ ಒಲೆಗೆ ಹಾಕೋಕೆ ಹೊರಟ್ರೆ ಮಾಯಾಚಾರಿ ಕಿತ್ಕೊಂಡು ಕಾಳಮ್ಮನ ಗುಡೀಲಿ ನೇತಾಕಿದ್ನಂತೆ. ಅಣಕ್ಸೋಕೆ ಅಂತ ಅವರು ಹೇಳ್ತಾರೆ. ಸುಳ್ಳು. ಅಂಥಾ ಕೂಡಿಕೆ ತನ್ನ ಕೈಗೆ ಬರ್ಲಿಲ್ವಲ್ಲಾ ಅನ್ನೋ ಕಿಚ್ಚು ಅವನಿಗೂ ಇತ್ತು. ಯಾರೂ ಇಲ್ದಾಗ ಬಂದು ಅದರ ಮೇಲೆ ಬೆರಳಾಡಿಸ್ತಿದ್ನಂತೆ. ಬಂಡೆ ನೋಡಿ ಬಂದೋರು ಗುಡಿಗೂ ಬರ್ತಾರೆ. ಗುಂಬ ಇಲ್ಲ, ಅರೆ ಇಲ್ಲ, ಬರೀ ಸುತ್ತು ನೇತಾಡ್ತದೆ. ಮರ ಎಲ್ಲಿ ಕೂಡ್ತು ಅಂತ ಉಗುರು ಹಾಕಿ ಹುಡುಕ್ತಾರೆ. ಉಗುರು ಹೋಗಲ್ಲ.