ಕ್ಲಚ್ಚು ಕೈಬಿಟ್ಟಾಗ

ಹಳೆಯ ಕಾರೊಂದರಲ್ಲಿ ಒಂದನೇ ಗೇರಿಗೆ ನೆಮ್ಮದಿಯೇ ಇರಲಿಲ್ಲ. ಅದನ್ನು ಹಾಕಿದಾಗಲೆಲ್ಲ ಕರಕರ ಸದ್ದು. “ನಿನ್ನ ಹಲ್ಲೇ ಸರಿಯಿಲ್ಲ. ನಿನ್ನ ದೆಸೆಯಿಂದ ನಮ್ಮೆಲ್ಲರನ್ನೂ ಗುಜರಿಗೆ ಹಾಕುತ್ತಾರೆ” ಎಂದು ಉಳಿದ ಗೇರುಗಳು ಬೈಯುತ್ತಿದ್ದವು. ಪಾಪ, ಅದೂ ಹಾಗೆಂದೇ ನಂಬಿತ್ತು.

ಆದರೂ ಒಂದು ದಿನ ಧೈರ್ಯ ಮಾಡಿ ಕ್ಲಚ್ಚನ್ನು ಕೇಳಿತು: “ಅಣ್ಣಾ, ನಾನು ಸೇರುವ ಹೊತ್ತಿಗೆ ನೀವು ಇಂಜಿನ್ನಿನ ಕೈಯನ್ನು ಪೂರ್ತಿ ಬಿಡುತ್ತೀರಾ?”

“ಬಿಡದೆ ಏನು?” ಎಂದು ಕ್ಲಚ್ಚು ಗದರಿತು.

ಆ ದಿನವೇ ಕಾರು ಮೆಕ್ಯಾನಿಕ್ ಲಾಜರಪ್ಪನ ಗ್ಯಾರೇಜಿಗೆ ಬಂತು. ಅವನು ಇಂಜಿನ್ ನಿಲ್ಲಿಸಿ ಒಂದನೇ ಗೇರು ಹಾಕಿದ. ಸದ್ದಿಲ್ಲದೆ ಬಿತ್ತು. ಇಂಜಿನ್ ಚಾಲೂ ಮಾಡಿ, ಕ್ಲಚ್ಚನ್ನು ಪೂರ್ತಿ ತುಳಿದು ಹಾಕಿದ. ಮತ್ತೆ ಕರಕರ. “ಗೇರಿನದೇನೂ ತಪ್ಪಿಲ್ಲಮ್ಮಾ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ” ಎಂದು ಕಾರಿನ ಒಡತಿಗೆ ಹೇಳಿ, ಸಡಿಲಾಗಿದ್ದ ಕ್ಲಚ್ ಕೇಬಲ್ಲನ್ನು ಬಿಗಿ ಮಾಡಿದ.

ಈ ಸಲ ಒಂದನೇ ಗೇರು ಬೆಣ್ಣೆಗೆ ಬೆರಳಿಟ್ಟಂತೆ ಮೆತ್ತಗೆ ಸೇರಿತು. ಬೈದಿದ್ದ ಗೇರುಗಳೂ ಹಿಗ್ಗಿದವು.

ಕ್ಲಚ್ಚು ನಾಚಿಕೊಂಡು, “ಬಿಟ್ಟಿದ್ದೇನೆ ಎಂದೇ ತಿಳಿದಿದ್ದೆ ತಮ್ಮಾ” ಎಂದಿತು.

“ಈಗ ಬಿಟ್ಟಿರಲ್ಲ, ಅಷ್ಟು ಸಾಕು. ಇನ್ನು ಇಂಜಿನ್ನಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಅಣ್ಣಾ, ಹೊರಡೋಣ” ಎಂದಿತು ಒಂದನೇ ಗೇರು.

ಕಾರು ನಗುನಗುತ್ತಾ ಬೀದಿಗಿಳಿಯಿತು.